ಒಂದೇ ಪ್ಯಾಕ್‌ನಲ್ಲಿ ಎರಡು ದ್ರವ: ಮುರುಗಲು–ಜೋನಿಬೆಲ್ಲದ ಪಾನೀಯಕ್ಕೆ ಪ್ಯಾಕಿಂಗ್ ರೂಪಿಸುವ ಕ್ರಮ

ಮುರುಗಲು (ಪುನರ್ಪುಳಿ, ಕೋಕಂ) ಹಣ್ಣಿನ ನೀರಿಗೆ ಜೋನಿಬೆಲ್ಲ, ಅಂದರೆ ಹರಿಯುವಂಥ ದ್ರವ ಬೆಲ್ಲ, ಬೆರೆಸಿ ಕುಡಿಯುವುದು ಸಾಗರ, ಹೊಸನಗರ, ತೀರ್ಥಹಳ್ಳಿ ಕಡೆಯ ಮನೆಗಳಲ್ಲಿ ಹೊಸದಲ್ಲ. ಆಗಷ್ಟೇ ಬೆರೆಸಿದ ಪಾನೀಯ ಕೆಂಪಾಗಿ, ಹುಳಿ–ಸಿಹಿ ಎರಡೂ ಹದವಾಗಿ ಇರುತ್ತದೆ. ಅದನ್ನೇ ಬೆರೆಸಿ ಬಾಟಲಿಗೆ ತುಂಬಿ ಅಂಗಡಿಗೆ ಕಳಿಸಿದರೆ ಕೆಲವೇ ವಾರಗಳಲ್ಲಿ ಕೆಂಪು ಮಾಸಿ ಕಂದಾಗುತ್ತದೆ, ಬೆಲ್ಲದ ಘಮವೂ ಮಂಕಾಗುತ್ತದೆ. ಹಾಗಾಗಿ ಎರಡನ್ನೂ ಬೇರೆಬೇರೆ ಇಟ್ಟು, ಕುಡಿಯುವವರೇ ಕೊನೆಯಲ್ಲಿ ಬೆರೆಸಿಕೊಳ್ಳುವಂಥ ಪ್ಯಾಕ್ ಮಾಡಬೇಕೆಂಬ ಯೋಚನೆ ಗೃಹೋದ್ಯಮಗಳಿಗೂ ಸ್ವಸಹಾಯ ಸಂಘಗಳಿಗೂ ಬರುವುದು ಸಹಜ. ಯೋಚನೆ ಒಳ್ಳೆಯದೇ. ಆದರೆ ಬಾಟಲಿಯ ಅಂದ, ಲೇಬಲ್ಲಿನ ಬಣ್ಣಗಳಿಂದ ಕೆಲಸ ಶುರುಮಾಡಿದವರು ಸಾಮಾನ್ಯವಾಗಿ ಹಣ ಕಳೆದುಕೊಳ್ಳುತ್ತಾರೆ. ಎರಡು ದ್ರವದ ಪ್ಯಾಕ್ ಎಂದರೆ ಎರಡು ಬೇರೆಬೇರೆ ಉತ್ಪನ್ನ. ಅವುಗಳ ನಡುವಿನ ಗೋಡೆ ಮೂರನೆಯದು. ಮೂರರಲ್ಲಿ ಯಾವುದು ಮೊದಲು ಕೈಕೊಡುತ್ತದೋ ಅದೇ ಇಡೀ ಪ್ಯಾಕ್‌ನ ಆಯಸ್ಸು. ಈ ಲೇಖನದ ಕ್ರಮವೂ ಹಾಗೇ ಇದೆ: ಮೊದಲು ದ್ರವ, ಆಮೇಲೆ ಅಳತೆ, ನಂತರ ಗೋಡೆ, ಕೊನೆಗೆ ಲೇಬಲ್.

ಬೇರೆ ಇಡುವ ಕಾರಣ ಗೊತ್ತಿರಲಿ

ಮುರುಗಲಿನ ಕೆಂಪು ಆಂಥೋಸಯನಿನ್ ಎಂಬ ವರ್ಣದ್ರವ್ಯದ್ದು. ಹುಳಿ ಹೆಚ್ಚಿದ್ದಷ್ಟು ಕಾಲ ಅದು ಕೆಂಪಾಗಿ ನಿಲ್ಲುತ್ತದೆ. ಪಿಎಚ್ (ಹುಳಿಯ ಅಳತೆ; ಅಂಕಿ ಇಳಿದಷ್ಟೂ ಹುಳಿ ಹೆಚ್ಚು) ಏರಿದಂತೆ ಬಣ್ಣ ಮಾಸುತ್ತದೆ. ಶಾಖ, ಬೆಳಕು, ಗಾಳಿಯ ಆಮ್ಲಜನಕ, ಕಬ್ಬಿಣದ ಅಂಶ ಇವಿಷ್ಟೂ ಅದಕ್ಕೆ ಶತ್ರುಗಳು. ಜೋನಿಬೆಲ್ಲದ ಹುಳಿ ಕಡಿಮೆ, ಬಣ್ಣ ಕಂದು, ಆಲೆಮನೆಯ ಕಬ್ಬಿಣದ ಕೊಪ್ಪರಿಗೆಯಲ್ಲಿ ಕುದಿದದ್ದಾದರೆ ಕಬ್ಬಿಣದ ಅಂಶವೂ ಅದರಲ್ಲಿ ಇರುತ್ತದೆ. ಎರಡನ್ನೂ ತಿಂಗಳುಗಟ್ಟಲೆ ಒಟ್ಟಿಗಿಟ್ಟರೆ ಬಣ್ಣ ಹೋಗುವುದರಲ್ಲಿ ಆಶ್ಚರ್ಯವಿಲ್ಲ.

ನಿಮ್ಮ ಪಾನೀಯ ಬೇರೆ ಇದ್ದರೂ ಇದೇ ಪ್ರಶ್ನೆಯನ್ನು ಕೇಳಿಕೊಳ್ಳಿ: ಬೆರೆಸಿಟ್ಟರೆ ಏನು ಕೆಡುತ್ತದೆ? ಬಣ್ಣವೇ, ಪರಿಮಳವೇ, ಒಡೆಯುತ್ತದೆಯೇ, ಗಸಿ ಕೂರುತ್ತದೆಯೇ? ಹಾಲಿನ ಪಿಎಚ್ ಸುಮಾರು 4.6ಕ್ಕೆ ಇಳಿದರೆ ಅದು ಒಡೆಯುತ್ತದೆ, ಆದ್ದರಿಂದ ಹುಳಿ ಹಣ್ಣಿನ ರಸದ ಜೊತೆ ನಿಲ್ಲುವುದಿಲ್ಲ. ತೆಂಗಿನ ಹಾಲಿಗೂ ಅದೇ ಗತಿ. ಉತ್ತರ ಸ್ಪಷ್ಟವಿಲ್ಲದಿದ್ದರೆ ಎರಡು ದ್ರವದ ಪ್ಯಾಕ್ ನಿಮಗೆ ಬೇಡ. ನಿಂಬೆ–ಸಕ್ಕರೆ ಪಾನಕದಂಥದ್ದು ಒಂದೇ ಬಾಟಲಿಯಲ್ಲಿ ಚೆನ್ನಾಗಿಯೇ ಉಳಿಯುತ್ತದೆ; ಅದನ್ನು ಒಡೆದು ಎರಡು ಮಾಡಿದರೆ ಖರ್ಚು ಮಾತ್ರ ಹೆಚ್ಚು.

ಮೊದಲ ಹೆಜ್ಜೆ: ಎರಡೂ ದ್ರವದ ಸುರಕ್ಷತೆ ಬೇರೆಬೇರೆಯಾಗಿ ನೋಡಿ

ಇಲ್ಲಿ ಸಲುಗೆ ಸಲ್ಲದು. ಗಾಳಿಯಾಡದಂತೆ ಮುಚ್ಚಿದ, ಹುಳಿ ಕಡಿಮೆಯಿರುವ, ನೀರಿನಂಶ ಹೆಚ್ಚಿರುವ ಯಾವ ಆಹಾರದಲ್ಲೂ ಬಾಟುಲಿನಮ್ ಎಂಬ ವಿಷಕಾರಿ ಬ್ಯಾಕ್ಟೀರಿಯಾ ಬೆಳೆಯಬಹುದು. ಅದರ ಬೀಜಕಣಗಳು ಕುದಿಯುವ ನೀರಿನಲ್ಲೂ ಸಾಯುವುದಿಲ್ಲ. ಒತ್ತಡದಲ್ಲಿ 121 ಡಿಗ್ರಿ ಸೆಲ್ಸಿಯಸ್‌ವರೆಗೆ ಕಾಯಿಸುವ ರಿಟಾರ್ಟ್ ಯಂತ್ರ, ಅದನ್ನು ನಡೆಸಲು ಗೊತ್ತಿರುವ ಜನ, ಸಮಯದ ದಾಖಲೆ ಎಲ್ಲವೂ ಬೇಕು. ಮನೆಯ ಕುಕ್ಕರ್ ಅದಕ್ಕೆ ಬದಲಿಯಲ್ಲ.

ಗಡಿ ಇರುವುದು ಪಿಎಚ್ 4.6ರಲ್ಲಿ. ನಿಮ್ಮ ಗುರಿ ಅದಕ್ಕಿಂತ ಸಾಕಷ್ಟು ಕೆಳಗೆ, 3.8ರೊಳಗೆ ಇರಲಿ. ಮುರುಗಲು ನೀರು ಸಾಧಾರಣವಾಗಿ 3ರ ಆಸುಪಾಸಿನಲ್ಲೋ ಅದಕ್ಕೂ ಕೆಳಗೋ ಇರುತ್ತದೆ, ಚಿಂತೆಯಿಲ್ಲ. ಜೋನಿಬೆಲ್ಲಕ್ಕೆ ಆ ಹುಳಿಯಿಲ್ಲ. ಅದನ್ನು ಕಾಯುವುದು ಅದರ ಮಂದತನ. 70 ಬ್ರಿಕ್ಸ್ (ತೂಕದಲ್ಲಿ ಶೇ. 70 ಕರಗಿದ ಸಕ್ಕರೆಯಂಥ ಘನಾಂಶ) ಪಾಕದಲ್ಲಿ ಸೂಕ್ಷ್ಮಜೀವಿಗಳಿಗೆ ಸಿಗುವ ನೀರು ತೀರಾ ಕಡಿಮೆಯಾದ್ದರಿಂದ ಬ್ಯಾಕ್ಟೀರಿಯಾ ಬೆಳೆಯುವುದಿಲ್ಲ. ಸಕ್ಕರೆ ಸಹಿಸುವ ಯೀಸ್ಟ್, ಬೂಸು ಮಾತ್ರ ಬೆಳೆಯಬಲ್ಲವು; ಬೆಲ್ಲ ತೆಳುವಾಗಿದ್ದರೆ ನೊರೆಯೆದ್ದು ಮುಚ್ಚಳ ಉಬ್ಬುವುದು ಯೀಸ್ಟಿನಿಂದಲೇ.

ಕಾಫಿ ಡಿಕಾಕ್ಷನ್ ಮತ್ತು ಹಾಲನ್ನು ಎರಡು ಕೋಣೆಯ ಪ್ಯಾಕ್‌ನಲ್ಲಿ ಮಾರುವ ಆಸೆ ಮಲೆನಾಡಿನಲ್ಲಿ ಅನೇಕರಿಗಿದೆ. ಎರಡಕ್ಕೂ ಹುಳಿಯಿಲ್ಲ, ಎರಡೂ ನೀರಾದವು. ಬೇರೆ ಇಟ್ಟ ಮಾತ್ರಕ್ಕೆ ಯಾವುದೂ ಸುರಕ್ಷಿತವಾಗುವುದಿಲ್ಲ. ರಿಟಾರ್ಟ್ ಇಲ್ಲದವರು ಇದನ್ನು ಅಂಗಡಿಯ ಶೆಲ್ಫಿನ ಸರಕಾಗಿ ಮಾಡಲೇಬಾರದು. ಮುರುಗಲು–ತೆಂಗಿನ ಹಾಲಿನ ಜೋಡಿಯೂ ಹಾಗೆಯೇ: ಮುರುಗಲಿನ ಕೋಣೆ ಸರಿ, ತೆಂಗಿನ ಹಾಲಿನ ಕೋಣೆ ಅಪಾಯ.

ಬೇಕಾದ ಸಲಕರಣೆ ದೊಡ್ಡದೇನಲ್ಲ. ಪಿಎಚ್ 4.00 ಮತ್ತು 7.00 ಎಂದು ಖಚಿತವಿರುವ ಬಫರ್ ದ್ರಾವಣದಲ್ಲಿ ದಿನವೂ ಸರಿಹೊಂದಿಸುವ ಪಿಎಚ್ ಮೀಟರ್ (ಕಾಗದದ ಪಟ್ಟಿ ಮುರುಗಲಿನ ಕೆಂಪಿನಲ್ಲಿ ಓದಲಿಕ್ಕೆ ಬರುವುದಿಲ್ಲ), 0ಯಿಂದ 80 ಬ್ರಿಕ್ಸ್‌ವರೆಗೆ ತೋರಿಸುವ ರಿಫ್ರ್ಯಾಕ್ಟೋಮೀಟರ್, 0.1 ಗ್ರಾಂ ತೋರಿಸುವ ತಕ್ಕಡಿ, ಒಳಕ್ಕೆ ಚುಚ್ಚುವ ಥರ್ಮಾಮೀಟರ್. ಪಾತ್ರೆಗಳೆಲ್ಲ ಸ್ಟೀಲಿನವು. ಮುರುಗಲಿಗೆ ಕಬ್ಬಿಣ, ತಾಮ್ರ, ಅಲ್ಯುಮಿನಿಯಂ ಯಾವುದನ್ನೂ ಸೋಕಿಸಬೇಡಿ.

ಎರಡನೇ ಹೆಜ್ಜೆ: ಅಳತೆಯನ್ನು ಕೊನೆಯಿಂದ ಹಿಂದಕ್ಕೆ ಲೆಕ್ಕ ಹಾಕಿ

ಬಾಟಲಿ ನೋಡಿ ಅಳತೆ ಇಡುವುದಲ್ಲ, ಕುಡಿಯುವ ಲೋಟದಿಂದ ಶುರುಮಾಡಬೇಕು. 200 ಮಿ.ಲೀ. ಪಾನೀಯ, ಸಿಹಿ 12 ಬ್ರಿಕ್ಸ್ ಎಂದುಕೊಳ್ಳೋಣ. 12 ಬ್ರಿಕ್ಸ್ ದ್ರವದ ಸಾಂದ್ರತೆ ಸುಮಾರು 1.05, ಅಂದರೆ 200 ಮಿ.ಲೀ. ತೂಗುವುದು 210 ಗ್ರಾಂ. ಅದರ ಶೇ. 12 ಎಂದರೆ ಕರಗಿದ ಘನಾಂಶ ಸುಮಾರು 25 ಗ್ರಾಂ.

ಜೋನಿಬೆಲ್ಲ 70 ಬ್ರಿಕ್ಸ್, ಮುರುಗಲು ನೀರು ತಾನೇ 2 ಬ್ರಿಕ್ಸ್ ಇದ್ದರೆ 31 ಗ್ರಾಂ ಬೆಲ್ಲ, 179 ಗ್ರಾಂ ಮುರುಗಲು ನೀರು ಬೇಕಾಗುತ್ತದೆ. ತಾಳೆ ನೋಡಿ: 31ರ ಶೇ. 70 ಎಂದರೆ 21.7 ಗ್ರಾಂ, 179ರ ಶೇ. 2 ಎಂದರೆ 3.6 ಗ್ರಾಂ, ಒಟ್ಟು 25.3. ಈಗ ತೂಕವನ್ನು ಗಾತ್ರಕ್ಕೆ ತಿರುಗಿಸಿ. 70 ಬ್ರಿಕ್ಸ್ ಪಾಕದ ಸಾಂದ್ರತೆ ಸುಮಾರು 1.35, ಹಾಗಾಗಿ 31 ಗ್ರಾಂ ಬೆಲ್ಲ ಹಿಡಿಯುವ ಜಾಗ 23 ಮಿ.ಲೀ. ಮಾತ್ರ. ಮುರುಗಲು ನೀರು 178 ಮಿ.ಲೀ.

ಪ್ರತಿ ಹದದಲ್ಲೂ ಬೆಲ್ಲದ ಬ್ರಿಕ್ಸ್ ಬದಲಾಗುತ್ತದೆ, ಆದ್ದರಿಂದ ಲೆಕ್ಕವೂ ಪ್ರತಿ ಸಲ ಹೊಸದು. ಗ್ರಾಂನಲ್ಲಿ ತೂಗಿ ತುಂಬಿ. ಲೋಟದ ಅಳತೆ ಮಂದ ದ್ರವಕ್ಕೆ ನಂಬಿಕೆಯದಲ್ಲ. ಇನ್ನೊಂದು ವಿಷಯ, ಜೋನಿಬೆಲ್ಲ ಪೂರ್ತಿ ಸುರಿಯುವುದಿಲ್ಲ. ಚಿಕ್ಕ ಬಾಟಲಿಯ ಗೋಡೆಗೆ 2–3 ಗ್ರಾಂ ಅಂಟಿಕೊಂಡೇ ಉಳಿಯುತ್ತದೆ. ಹತ್ತು ಬಾಟಲಿ ಸುರಿದು, ಖಾಲಿ ಬಾಟಲಿ ತೂಗಿ, ಉಳಿದದ್ದರ ಸರಾಸರಿ ತೆಗೆದು ಅಷ್ಟು ಹೆಚ್ಚು ತುಂಬಿ. ನಮ್ಮ ಉದಾಹರಣೆಯಲ್ಲಿ 34 ಗ್ರಾಂ ತುಂಬಿದರೆ ಲೋಟಕ್ಕೆ 31 ಬೀಳುತ್ತದೆ.

ಮೂರನೇ ಹೆಜ್ಜೆ: ಗೋಡೆಯ ಆಯ್ಕೆ

ಮಾರುಕಟ್ಟೆಯಲ್ಲಿರುವ ದಾರಿಗಳು ನಾಲ್ಕು. ನಾಲ್ಕೂ ಎಲ್ಲರಿಗೂ ಹೊಂದುವಂಥವಲ್ಲ.

ಕೋಣೆಯುಳ್ಳ ಮುಚ್ಚಳ. ಮುಚ್ಚಳದೊಳಗೆ ಸಣ್ಣ ಡಬ್ಬಿಯಂಥ ಜಾಗ, ಮೇಲಿನಿಂದ ಒತ್ತಿದರೆ ಅಥವಾ ತಿರುಗಿಸಿದರೆ ತಳದ ಪೊರೆ ಹರಿದು ಒಳಗಿನದು ಬಾಟಲಿಗೆ ಬೀಳುತ್ತದೆ. ನೋಡಲು ಚೆಂದ, ಗ್ರಾಹಕರಿಗೂ ಖುಷಿ. ಆದರೆ ಸಾಮಾನ್ಯ 28 ಮಿ.ಮೀ. ಬಾಯಿಯ ಬಾಟಲಿಯಲ್ಲಿ ಆ ಕೋಣೆಗೆ ಸಿಗುವ ಜಾಗ 10 ಮಿ.ಲೀ. ಒಳಗೆ. 8 ಮಿ.ಲೀ. ಜೋನಿಬೆಲ್ಲದಲ್ಲಿ ಇರುವುದು ಏಳೂವರೆ ಗ್ರಾಂ ಸಿಹಿ. ನಮಗೆ ಬೇಕಾದದ್ದು ಅದರ ಮೂರು ಪಟ್ಟು. ಆದ್ದರಿಂದ ಇದು ಸಿಹಿಗೆ ಆಗದು, ಶುಂಠಿ–ನಿಂಬೆಯಂಥ ಖಾರದ ಸಾರಕ್ಕೆ, ಸುವಾಸನೆಗೆ ಮಾತ್ರ.

ಅದಕ್ಕೂ ತೊಡಕುಗಳಿವೆ. ಮುಚ್ಚಳಗಳು ಹೆಚ್ಚಾಗಿ ಪಾಲಿಪ್ರೊಪಿಲೀನ್‌ನವು. ನೀರಿನ ಬಾಟಲಿಗಳ ಪೆಟ್ ಪ್ಲಾಸ್ಟಿಕ್‌ಗಿಂತ ಹಲವು ಪಟ್ಟು ಹೆಚ್ಚು ಆಮ್ಲಜನಕವನ್ನು ಅದು ಒಳಬಿಡುತ್ತದೆ, ಹಾಗಾಗಿ ಮುರುಗಲಿನ ಗಟ್ಟಿ ರಸವನ್ನು ಅದರಲ್ಲಿಟ್ಟರೆ ಬಾಟಲಿಯಲ್ಲಿ ಇಟ್ಟದ್ದಕ್ಕಿಂತ ಬೇಗ ಕಂದಾಗುತ್ತದೆ. ನಿಂಬೆ ಸಿಪ್ಪೆಯ ಎಣ್ಣೆ, ಶುಂಠಿಯ ಎಣ್ಣೆಗಳನ್ನು ಆ ಪ್ಲಾಸ್ಟಿಕ್ ತಾನೇ ಹೀರಿಕೊಳ್ಳುತ್ತದೆ. ತಿಂಗಳ ನಂತರ ತೆರೆದರೆ ಖಾರ ಇರುತ್ತದೆ, ಘಮ ಇರುವುದಿಲ್ಲ. ಶುಂಠಿ ರಸಕ್ಕೆ ಹುಳಿಯಿಲ್ಲವಾದ್ದರಿಂದ ನಿಂಬೆರಸ ಸೇರಿಸಿ ಪಿಎಚ್ 3.8ರೊಳಗೆ ಇಳಿಸಲೇಬೇಕು. ರಸವನ್ನು ರಾತ್ರಿಯಿಡೀ ಫ್ರಿಜ್‌ನಲ್ಲಿಟ್ಟು ತಳದ ಬಿಳಿ ಗಸಿ ಬಿಟ್ಟು ಮೇಲಿನದನ್ನಷ್ಟೇ ಬಸಿಯಿರಿ. ಗಸಿ ಪಿಷ್ಟ, ಕಾಯಿಸಿದರೆ ಗಂಜಿಯಾಗಿ ಸಣ್ಣ ಕೋಣೆಯಿಂದ ಇಳಿಯದೆ ಕೂರುತ್ತದೆ.

ಎಲ್ಲಕ್ಕಿಂತ ದೊಡ್ಡ ತೊಡಕು ಬಿಸಿ ತುಂಬುವಿಕೆ. ಬಾಟಲಿಗೆ ಬಿಸಿ ಪಾನೀಯ ತುಂಬಿ ಮುಚ್ಚಿದರೆ ತಣ್ಣಗಾದಾಗ ಒಳಗೆ ನಿರ್ವಾತ ಉಂಟಾಗುತ್ತದೆ. ಆ ನಿರ್ವಾತ ಮುಚ್ಚಳದ ತೆಳು ಪೊರೆಯನ್ನು ಕೆಳಕ್ಕೆ ಎಳೆಯುತ್ತದೆ, ಕೆಲವು ಅಲ್ಲೇ ಹರಿಯುತ್ತವೆ. ಸೋಡಾ ಪಾನೀಯದಲ್ಲಿ ಇದೇ ತೊಂದರೆ ಉಲ್ಟಾ: ಒಳಗಿನ ಒತ್ತಡ ಪೊರೆಯನ್ನು ಮೇಲಕ್ಕೆ ದೂಡುತ್ತದೆ, ಒತ್ತಿದ ಕೂಡಲೇ ನೊರೆ ಉಕ್ಕಿ ಕೈಮೇಲೆ ಬರುತ್ತದೆ. ತಣ್ಣಗೆ ತುಂಬಿ, ಸಂರಕ್ಷಕ ಹಾಕಿದ, ಗ್ಯಾಸ್ ಇಲ್ಲದ ಪಾನೀಯಕ್ಕೆ ಮಾತ್ರ ಈ ಮುಚ್ಚಳ ನೆಟ್ಟಗೆ ಕೆಲಸ ಮಾಡುತ್ತದೆ. ಸಾಲದ್ದಕ್ಕೆ ತಯಾರಕರು ಸಾವಿರಗಟ್ಟಲೆ ಸಂಖ್ಯೆಯಲ್ಲಿ ಮಾತ್ರ ಕೊಡುತ್ತಾರೆ.

ನಡುವೆ ಒಡೆಯುವ ಸೀಲ್ ಇರುವ ಪೌಚ್. ಆಸ್ಪತ್ರೆಯಲ್ಲಿ ರಕ್ತನಾಳಕ್ಕೆ ಕೊಡುವ ಪೋಷಕ ದ್ರವಗಳ ಚೀಲದಲ್ಲಿ ಈ ವಿಧಾನ ಬಳಕೆಯಲ್ಲಿದೆ. ಒತ್ತಿದರೆ ನಡುವಿನ ದುರ್ಬಲ ಸೀಲ್ ಬಿಡುತ್ತದೆ, ಹೊರಗಿನದು ಬಿಡುವುದಿಲ್ಲ. ಇದಕ್ಕೆ ಬೇರೆಯೇ ಫಿಲ್ಮ್, ಬಿಸಿಯನ್ನು ಕರಾರುವಾಕ್ಕಾಗಿ ಹಿಡಿದಿಡುವ ಯಂತ್ರ ಬೇಕು. ಚೀಲದ ಬಾಯಿಯನ್ನು ಬಿಸಿಯಿಂದ ಅಂಟಿಸುವ ಸಾಮಾನ್ಯ ಬ್ಯಾಂಡ್ ಸೀಲರ್‌ನ ಬಿಸಿ ತಗ್ಗಿಸಿ ದುರ್ಬಲ ಸೀಲ್ ಹಾಕಲು ಹೋಗಬೇಡಿ. ಅರ್ಧದಷ್ಟು ಪೆಟ್ಟಿಗೆಯಲ್ಲೇ ಒಡೆಯುತ್ತವೆ, ಇನ್ನರ್ಧ ಎಷ್ಟು ಒತ್ತಿದರೂ ಬಿಡುವುದಿಲ್ಲ.

ಬಾಟಲಿಯ ಕುತ್ತಿಗೆಗೆ ತೂಗುಹಾಕಿದ ಸ್ಯಾಚೆ. ಖರ್ಚು ಕಡಿಮೆ, ಯಂತ್ರವೂ ಸಾಮಾನ್ಯ. ಬೆಲ್ಲಕ್ಕೆ ಪಾಲಿಯೆಸ್ಟರ್, ಅಲ್ಯುಮಿನಿಯಂ ಫಾಯಿಲ್, ಒಳಗೆ ಪಾಲಿಥೀನ್ ಮೂರು ಪದರದ ಫಿಲ್ಮ್ ತೆಗೆದುಕೊಳ್ಳಿ. ಸೀಲ್ ಕನಿಷ್ಠ 8–10 ಮಿ.ಮೀ. ಅಗಲ ಇರಲಿ. ಇಲ್ಲಿ ತಪ್ಪಾಗುವುದು ಒಂದೇ ಕಡೆ: ಸುರಿಯುವಾಗ ಬೆಲ್ಲದ ನೂಲು ಸೀಲಿನ ಜಾಗಕ್ಕೆ ತಾಗುತ್ತದೆ, ಯಂತ್ರ ಅದರ ಮೇಲೇ ಒತ್ತುತ್ತದೆ. ಆ ದಿನ ಸೋರುವುದಿಲ್ಲ, ವಾರದ ಮೇಲೆ ಸೋರುತ್ತದೆ, ಪೆಟ್ಟಿಗೆಗೆಲ್ಲ ಇರುವೆ. ತುಂಬುವ ನಳಿಕೆ ಸ್ಯಾಚೆಯ ಅರ್ಧದವರೆಗೆ ಇಳಿಯುವಷ್ಟು ಉದ್ದವಿರಬೇಕು, ಹೊರತೆಗೆಯುವ ಮೊದಲು ಬೆಲ್ಲದ ನೂಲು ಕಡಿಯಬೇಕು. ಬೆಲ್ಲ ಬಿಸಿಯಿದ್ದಷ್ಟೂ ನೂಲು ಬೇಗ ಕಡಿಯುತ್ತದೆ.

ಜೋಡಿ ಬಾಟಲಿ. ದೊಡ್ಡ ಗಾಜಿನ ಬಾಟಲಿಯಲ್ಲಿ ಮುರುಗಲು ನೀರು, 30 ಮಿ.ಲೀ. ಗಾಜಿನ ಪುಟ್ಟ ಬಾಟಲಿಯಲ್ಲಿ ಜೋನಿಬೆಲ್ಲ, ಎರಡನ್ನೂ ಹಿಡಿಯುವ ಒಂದು ರಟ್ಟಿನ ಪೆಟ್ಟಿಗೆ. ಸಣ್ಣ ಪ್ರಮಾಣದಲ್ಲಿ ಮಾಡುವವರಿಗೆ ನಾವು ಸೂಚಿಸುವುದು ಇದನ್ನೇ. ಎರಡನ್ನೂ ಬಿಸಿಯಾಗಿ ತುಂಬಬಹುದು, ಗಾಜು ಆಮ್ಲಜನಕ ಬಿಡುವುದಿಲ್ಲ, ಘಮ ಹೀರುವುದಿಲ್ಲ, ಒಂದರ ಸೋರಿಕೆ ಇನ್ನೊಂದನ್ನು ಕೆಡಿಸುವುದಿಲ್ಲ, ನೂರು ಬಾಟಲಿ ಬೇಕೆಂದರೂ ಸಿಗುತ್ತವೆ. ತೂಕ ಹೆಚ್ಚು, ಒಡೆಯುವ ಭಯ ಇದೆ ಎಂಬುದು ನಿಜ. ಆದರೆ ಜೋಗದ ದಾರಿಬದಿಯಲ್ಲಿ, ಆಗುಂಬೆಯ ಸೂರ್ಯಾಸ್ತದ ಕಟ್ಟೆಯ ಬಳಿ ಮಾರುವ ಸರಕಿನ ಹರಿದ ಸ್ಯಾಚೆ ಕಾಡಿಗೇ ಹೋಗುತ್ತದೆ. ಪುಟ್ಟ ಗಾಜಿನ ಬಾಟಲಿಯನ್ನು ಜನ ಮನೆಗೆ ಒಯ್ಯುತ್ತಾರೆ. ಈ ಕಾರಣಕ್ಕಾದರೂ ಗಾಜನ್ನೇ ಆರಿಸಿಕೊಳ್ಳಿ.

ನಾಲ್ಕನೇ ಹೆಜ್ಜೆ: ಬಾಟಲಿಯ ಗಾತ್ರ, ಬಾಯಿ, ಖಾಲಿ ಜಾಗ

ಬೆಲ್ಲ ಮುರುಗಲು ನೀರಿಗಿಂತ ಭಾರ, ಸುರಿದ ಕೂಡಲೇ ತಳಕ್ಕೆ ಇಳಿದು ಗಟ್ಟಿಯಾಗಿ ಕೂರುತ್ತದೆ. ಅಲುಗಿಸಿ ಕರಗಿಸಲು ಬಾಟಲಿಯಲ್ಲಿ ಕೊನೆಗೂ ಹತ್ತನೇ ಒಂದು ಭಾಗ ಖಾಲಿ ಉಳಿಯಬೇಕು. 178ಕ್ಕೆ 23 ಸೇರಿ 201, ಅದರ ಮೇಲೆ ಸುಮಾರು 20. ಅಂದರೆ ಅಂಚಿನವರೆಗೆ 220 ಮಿ.ಲೀ. ಹಿಡಿಯುವ ಬಾಟಲಿ ಬೇಕು. ಆಗ ಅಂಗಡಿಯಲ್ಲಿರುವಾಗ ಮೇಲ್ಗಡೆ 42 ಮಿ.ಲೀ. ಖಾಲಿ ಕಾಣುತ್ತದೆ. ಇದರಿಂದ ಎರಡು ತೊಂದರೆ. ಗ್ರಾಹಕರಿಗೆ ಕಡಿಮೆ ತುಂಬಿದ್ದಾರೆ ಅನ್ನಿಸುತ್ತದೆ. ಅದಕ್ಕಿಂತ ಮುಖ್ಯವಾಗಿ, ಆ ಜಾಗದ ಗಾಳಿ ಕೆಂಪು ಬಣ್ಣವನ್ನು ತಿನ್ನುತ್ತದೆ. ಮೊದಲನೆಯದಕ್ಕೆ ಬಾಟಲಿಯ ಸುತ್ತ ತೊಡಿಸುವ, ಕುತ್ತಿಗೆಯವರೆಗೆ ಬರುವ ಸ್ಲೀವ್ ಲೇಬಲ್, ಅದರ ಮೇಲೆ ‘ಬೆಲ್ಲಕ್ಕೆ ಜಾಗ’ ಎಂಬ ಗೆರೆ. ಎರಡನೆಯದಕ್ಕೆ ಬಿಸಿ ತುಂಬಿದ ತಕ್ಷಣ, ಆವಿ ಆ ಜಾಗದಲ್ಲಿ ತುಂಬಿರುವಾಗಲೇ, ಮುಚ್ಚಳ ಹಾಕುವುದು. ತುಂಬಿ ಐದು ನಿಮಿಷ ಬಿಟ್ಟು ಮುಚ್ಚಿದರೆ ಆವಿ ಹೋಗಿ ಗಾಳಿ ಬಂದಿರುತ್ತದೆ.

ಬಾಯಿ 38 ಮಿ.ಮೀ. ಇರಲಿ, ಲೋಹದ ಲಗ್ ಮುಚ್ಚಳದ್ದು (ಜಾಮ್ ಸೀಸೆಯಂತೆ ಸ್ವಲ್ಪ ತಿರುಗಿಸಿದರೆ ಬಿಗಿಯುವಂಥದ್ದು). 28 ಮಿ.ಮೀ. ಮುಚ್ಚಳದ ಬಾಟಲಿಯ ಒಳರಂಧ್ರ ಸುಮಾರು 22 ಮಿ.ಮೀ. ಮಾತ್ರ, ಮಂದ ಬೆಲ್ಲವನ್ನು ಅದಕ್ಕೆ ಸುರಿದರೆ ಹೊರಗೆ ಇಳಿದು ಕೈಯೆಲ್ಲ ಅಂಟು. ಲಗ್ ಮುಚ್ಚಳಕ್ಕೆ ಇನ್ನೊಂದು ಅನುಕೂಲವಿದೆ: ನಿರ್ವಾತ ಸರಿಯಾಗಿದ್ದರೆ ನಡುವೆ ಸ್ವಲ್ಪ ಒಳಕ್ಕೆ ತಗ್ಗುತ್ತದೆ, ಬೆರಳಿಂದಲೇ ಪರೀಕ್ಷಿಸಬಹುದು. ಸಾಮಾನ್ಯ ಪೆಟ್ ಬಾಟಲಿಗೆ ಬಿಸಿ ತುಂಬಲು ಹೋಗಬೇಡಿ. ಅದು 70 ಡಿಗ್ರಿಯ ಆಸುಪಾಸಿನಲ್ಲೇ ಮೆತ್ತಗಾಗಿ ಸೊಟ್ಟಗಾಗುತ್ತದೆ.

ಗಾಜು ಬಿಳಿಯದೋ ಕಂದೋ ಎಂಬ ಪ್ರಶ್ನೆ ಬರುತ್ತದೆ. ಕೆಂಪು ಕಾಣಲೆಂದು ಬಿಳಿ ಗಾಜು ಆರಿಸುವವರೇ ಹೆಚ್ಚು, ಅಂಗಡಿಯ ಮುಂದಿನ ಬಿಸಿಲಿನಲ್ಲಿ ಆ ಕೆಂಪೇ ಮೊದಲು ಹೋಗುತ್ತದೆ. ಬಿಳಿ ಗಾಜು ಬೇಕಿದ್ದರೆ ಪೂರ್ತಿ ಮುಚ್ಚಿದ ಪೆಟ್ಟಿಗೆ ಕಡ್ಡಾಯ. ಪೆಟ್ಟಿಗೆಗೆ ಕಿಟಕಿ ಕತ್ತರಿಸಬೇಡಿ. ಬಣ್ಣವನ್ನು ಚಿತ್ರದಲ್ಲಿ ತೋರಿಸಿ.

ಐದನೇ ಹೆಜ್ಜೆ: ತುಂಬುವುದು

ಮೊದಲು ಜೋನಿಬೆಲ್ಲ. ಆಲೆಮನೆಯ ಕೆಲಸ ಬೇಸಿಗೆಗೆ ಮೊದಲೇ ಮುಗಿಯುತ್ತದೆ, ಮುರುಗಲು ಹಣ್ಣಾಗುವುದು ಏಪ್ರಿಲ್–ಮೇ ತಿಂಗಳಲ್ಲಿ. ಹಾಗಾಗಿ ಬೆಲ್ಲ ತಿಂಗಳುಗಟ್ಟಲೆ ಕಾಯುವುದು ಅನಿವಾರ್ಯ. ತಂದ ದಿನವೇ ಬ್ರಿಕ್ಸ್ ನೋಡಿ. 68ಕ್ಕಿಂತ ಕೆಳಗಿದ್ದರೆ ಮತ್ತೆ ಕುದಿಸಿ ಮಂದ ಮಾಡಬೇಕು. ಜೋನಿಬೆಲ್ಲದ ಹದ 105 ಡಿಗ್ರಿಯ ಆಸುಪಾಸು ಎನ್ನುತ್ತಾರೆ. ಸಮುದ್ರಮಟ್ಟಕ್ಕಿಂತ ಸುಮಾರು 600 ಮೀಟರ್ ಮೇಲಿರುವ ನಮ್ಮ ಊರುಗಳಲ್ಲಿ ನೀರೇ 98ಕ್ಕೆ ಕುದಿಯುವುದರಿಂದ ಅದಕ್ಕೆ 2 ಡಿಗ್ರಿ ಕಳೆಯಿರಿ, ಕೊನೆಯ ಮಾತು ರಿಫ್ರ್ಯಾಕ್ಟೋಮೀಟರಿನದಾಗಿರಲಿ. ಹರಳುಗಟ್ಟುವ ಸ್ವಭಾವ ಇದ್ದರೆ ಕಿಲೋಗೆ 0.4 ಗ್ರಾಂ ಸಿಟ್ರಿಕ್ ಆಮ್ಲ ಸೇರಿಸಿ ಕುದಿಸುವುದು ರೂಢಿ. ತೆಳು ಬಟ್ಟೆಯಲ್ಲಿ ಸೋಸಿ, 80–85 ಡಿಗ್ರಿಯಲ್ಲಿ ಪುಟ್ಟ ಬಾಟಲಿಗೆ 34 ಗ್ರಾಂ ತುಂಬಿ, ಮುಚ್ಚಿ, ತಲೆಕೆಳಗೆ ಇಡಿ. ಮುಚ್ಚಳದೊಳಗೆ ಆವಿ ನೀರಾಗಿ ಬೆಲ್ಲದ ಮೇಲೆ ಬಿದ್ದರೆ ಆ ಪದರ ಮಾತ್ರ ತೆಳುವಾಗಿ ಅಲ್ಲೇ ಬೂಸು, ಯೀಸ್ಟ್ ಹಿಡಿಯುತ್ತದೆ. ತಲೆಕೆಳಗೆ ಇಟ್ಟು, ತಣಿಯುವಾಗ ಒಂದೆರಡು ಸಲ ಹೊರಳಿಸಿದರೆ ಆ ನೀರು ಬೆಲ್ಲದಲ್ಲಿ ಸೇರಿಹೋಗುತ್ತದೆ.

ಇನ್ನು ಮುರುಗಲು ನೀರು. ಸ್ಟೀಲ್ ಪಾತ್ರೆಯಲ್ಲಿ 90 ಡಿಗ್ರಿಗೆ ಬೇಗ ಏರಿಸಿ. ನಿಧಾನ ಉರಿಯಲ್ಲಿ ಗಂಟೆಗಟ್ಟಲೆ ಇಟ್ಟರೆ ಬಣ್ಣಕ್ಕೆ ಪೆಟ್ಟು. ಬಾಟಲಿಗಳು 60–65 ಡಿಗ್ರಿ ನೀರಿನಲ್ಲಿ ಬಿಸಿಯಾಗಿ ಕಾದಿರಲಿ, ತಣ್ಣನೆಯ ಗಾಜಿಗೆ 88 ಡಿಗ್ರಿಯದು ಬಿದ್ದರೆ ತಳ ಬಿಡುತ್ತದೆ. ಬಾಟಲಿಯೊಳಗೆ 85ಕ್ಕಿಂತ ಕಡಿಮೆಯಾಗದಂತೆ ತುಂಬಿ, ಕೂಡಲೇ ಮುಚ್ಚಿ, 3 ನಿಮಿಷ ಅಡ್ಡ ಮಲಗಿಸಿ ಅಥವಾ ತಲೆಕೆಳಗೆ ಇಟ್ಟು ಮುಚ್ಚಳದ ಒಳಭಾಗವೂ ಬಿಸಿಯಾಗುವಂತೆ ಮಾಡಿ. ನಂತರ 60, ಆಮೇಲೆ 40 ಡಿಗ್ರಿ ನೀರು, ಕೊನೆಗೆ ತಣ್ಣೀರು. ಹಾಗೇ ಗುಡ್ಡೆಹಾಕಿ ಬಿಟ್ಟರೆ ನಡುವಿನ ಬಾಟಲಿಗಳು ರಾತ್ರಿಯಿಡೀ ಬಿಸಿಯಲ್ಲೇ ಇದ್ದು, ಒಂದೇ ದಿನದ ಸರಕಿನಲ್ಲಿ ಎರಡು ಬಣ್ಣ ಬರುತ್ತದೆ.

ಸಂರಕ್ಷಕ ಹಾಕುವುದಾದರೆ ಮುರುಗಲಿಗೆ ಪೊಟ್ಯಾಸಿಯಂ ಮೆಟಾಬೈಸಲ್ಫೈಟ್ ಬೇಡ, ಅದು ಕೆಂಪನ್ನು ಬಿಳುಚಿಸುತ್ತದೆ. ಕೆಂಪು ರಸಗಳಿಗೆ ಸೋಡಿಯಂ ಬೆಂಜೊಯೇಟ್. ಮಿತಿಯನ್ನು ಬೆಂಜೊಯಿಕ್ ಆಮ್ಲದ ಲೆಕ್ಕದಲ್ಲಿ ಹೇಳಿರುತ್ತಾರೆ, 1 ಗ್ರಾಂ ಸೋಡಿಯಂ ಬೆಂಜೊಯೇಟ್‌ನಲ್ಲಿ ಅದು ಸಿಗುವುದು ಸುಮಾರು 0.85 ಗ್ರಾಂ. ಸಿರಪ್‌ಗೆ ಒಂದು ಮಿತಿ, ನೇರವಾಗಿ ಕುಡಿಯುವ ಪಾನೀಯಕ್ಕೆ ಅದಕ್ಕಿಂತ ಬಹಳ ಕಡಿಮೆ ಮಿತಿ ಇರುವುದರಿಂದ ನಿಮ್ಮ ಉತ್ಪನ್ನ ಯಾವ ವರ್ಗಕ್ಕೆ ಸೇರುತ್ತದೆ ಎಂಬುದನ್ನು ದೇಶದ ಆಹಾರ ಸುರಕ್ಷತಾ ಪ್ರಾಧಿಕಾರಕ್ಕೆ (ಎಫ್‌ಎಸ್‌ಎಸ್‌ಎಐ) ಅರ್ಜಿ ಹಾಕುವಾಗಲೇ ಖಚಿತಪಡಿಸಿಕೊಳ್ಳಿ. ಬೆಂಜೊಯೇಟ್ ಹಾಕಿದ ಕಡೆ ವಿಟಮಿನ್ ಸಿ ಸೇರಿಸಬಾರದು. ಎರಡೂ ಸೇರಿ ಬೆಂಜೀನ್ ಹುಟ್ಟುವ ಸಾಧ್ಯತೆ ಇದೆ, ಮೇಲಾಗಿ ವಿಟಮಿನ್ ಸಿ ಮುರುಗಲಿನ ಬಣ್ಣವನ್ನೂ ಕೆಡಿಸುತ್ತದೆ.

ಆರನೇ ಹೆಜ್ಜೆ: ಪೆಟ್ಟಿಗೆ, ಮಳೆ, ಘಾಟಿ

ಪೆಟ್ಟಿಗೆಯೊಳಗೆ ಎರಡು ಬಾಟಲಿಗಳ ಗಾಜು ಒಂದನ್ನೊಂದು ಮುಟ್ಟಬಾರದು, ನಡುವೆ ರಟ್ಟಿನ ಮಡಿಕೆ ಬೇಕು. ಪುಟ್ಟ ಬಾಟಲಿಯ ಗೂಡು ಕೆಳಗಿರಲಿ; ಮೇಲಿಟ್ಟರೆ ಕುಲುಕಾಟದಲ್ಲಿ ದೊಡ್ಡದರ ಭುಜಕ್ಕೆ ಬಡಿಯುತ್ತದೆ. ಹೊರಗಿನ ಸಾಗಣೆ ಪೆಟ್ಟಿಗೆಗೆ ಐದು ಪದರದ ರಟ್ಟು. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಇಲ್ಲಿನ ತೇವದಲ್ಲಿ ರಟ್ಟು ತನ್ನ ಬಲದ ದೊಡ್ಡ ಪಾಲನ್ನು ಕಳೆದುಕೊಳ್ಳುತ್ತದೆ. ಬೇಸಿಗೆಯಲ್ಲಿ ಆರು ಅಟ್ಟಿ ತಾಳಿದ ಪೆಟ್ಟಿಗೆ ಮಳೆಗಾಲದಲ್ಲಿ ಮೂರಕ್ಕೇ ಕುಸಿಯಬಹುದು. ಅಟ್ಟಿಯನ್ನು ನೆಲಕ್ಕೂ ಗೋಡೆಗೂ ತಾಗಿಸದೆ ಮರದ ಹಲಗೆಯ ಮೇಲಿಡಿ. ಕಾಗದದ ಲೇಬಲ್‌ಗೆ ಹಿಟ್ಟಿನ ಅಂಟು ಹಾಕಿದರೆ ಬೂಸು ಹಿಡಿದು ಕಳಚುತ್ತದೆ, ಪ್ಲಾಸ್ಟಿಕ್ ಫಿಲ್ಮಿನ ಸ್ಟಿಕ್ಕರ್ ಬಳಸಿ. ಬಾಟಲಿ ಪೂರ್ತಿ ಒಣಗಿದ ಮೇಲೆಯೇ ಅಂಟಿಸಿ. ಅಡಿಕೆ ಹಾಳೆಯಿಂದ ಜೋಡಿ ಬಾಟಲಿಗೆ ಪಟ್ಟಿ ಕಟ್ಟುವುದು ಚೆಂದ ಕಾಣುತ್ತದೆ, ಬೇಸಿಗೆಯ ಸರಕಿಗೆ ಧಾರಾಳವಾಗಿ ಮಾಡಿ. ಮಳೆಗಾಲದಲ್ಲಿ ಹಾಳೆ ತೇವ ಎಳೆದು ಬೂಸು ತರುತ್ತದೆ.

ಘಾಟಿ ಇಳಿಯುವ ಸರಕಿನ ಬಗ್ಗೆ ಯಾರೂ ಯೋಚಿಸದ ಸಂಗತಿಯೊಂದಿದೆ. ಆಗುಂಬೆ ಸುಮಾರು 640 ಮೀಟರ್ ಎತ್ತರದಲ್ಲಿದೆ, ಕರಾವಳಿಗಿಂತ ಅಲ್ಲಿ ಗಾಳಿಯ ಒತ್ತಡ ಶೇ. 7ರಷ್ಟು ಕಡಿಮೆ. ಮೇಲೆ ಮುಚ್ಚಿದ ಪ್ಯಾಕ್ ಉಡುಪಿ, ಮಂಗಳೂರಿಗೆ ಇಳಿದಾಗ ಹೊರಗಿನ ಒತ್ತಡ ಹೆಚ್ಚಾಗಿ ಒಳಕ್ಕೆ ಅದುಮುತ್ತದೆ. ಗಾಜಿಗೆ ಏನೂ ಆಗದು. ಆದರೆ ತೆಳು ಪೆಟ್ ಬಾಟಲಿಯ ಹೊಟ್ಟೆ ಒಳಸೇರುತ್ತದೆ, ಕೋಣೆ ಮುಚ್ಚಳದ ಪೊರೆಗೆ ಹೆಚ್ಚಿನ ಎಳೆತ ಬೀಳುತ್ತದೆ. ಕೆಳಗೆ ತುಂಬಿಸಿ ಮೇಲೆ ತರುವವರ ಸ್ಯಾಚೆಗಳು ಇದಕ್ಕೆ ವಿರುದ್ಧವಾಗಿ ಉಬ್ಬುತ್ತವೆ. ಸ್ಯಾಚೆಯೊಳಗಿನ ಗಾಳಿಯನ್ನು ಒತ್ತಿ ತೆಗೆದು ಸೀಲ್ ಮಾಡಿದರೆ ಆ ತೊಂದರೆ ಇಲ್ಲ.

ಏಳನೇ ಹೆಜ್ಜೆ: ಲೇಬಲ್

ಕಾನೂನಿನ ವಿವರಗಳು ಎಲ್ಲ ಆಹಾರಕ್ಕೂ ಇರುವಂಥವೇ: ಉತ್ಪನ್ನದ ಹೆಸರು, ಪದಾರ್ಥಗಳ ಪಟ್ಟಿ ಹೆಚ್ಚಿನದರಿಂದ ಕಡಿಮೆಗೆ, ಪೋಷಕಾಂಶ, ಸಸ್ಯಾಹಾರದ ಹಸಿರು ಗುರುತು, ತಯಾರಕರ ಪೂರ್ಣ ವಿಳಾಸ, ಎಫ್‌ಎಸ್‌ಎಸ್‌ಎಐ ಲಾಂಛನದ ಜೊತೆ 14 ಅಂಕಿಯ ಸಂಖ್ಯೆ, ತಯಾರಿಸಿದ ದಿನ, ಅವಧಿ ಮುಗಿಯುವ ದಿನ, ಬ್ಯಾಚ್ ಸಂಖ್ಯೆ, ಗರಿಷ್ಠ ಮಾರಾಟ ಬೆಲೆ, ಮಿ.ಲೀ. ಅಥವಾ ಗ್ರಾಂ ಲೆಕ್ಕದ ಬೆಲೆ, ಗ್ರಾಹಕರ ದೂರಿಗೆ ಸಂಪರ್ಕ. ಇಂಗ್ಲಿಷ್ ಅಥವಾ ದೇವನಾಗರಿಯ ಹಿಂದಿ ಕಡ್ಡಾಯ. ಕನ್ನಡವನ್ನು ಅದರ ಜೊತೆಗೆ, ದೊಡ್ಡದಾಗಿಯೇ ಹಾಕಿ.

ಎರಡು ದ್ರವದ ಪ್ಯಾಕ್‌ಗೆ ವಿಶೇಷವಾಗಿ ಬೇಕಾದದ್ದು ಇಷ್ಟು. ಪದಾರ್ಥದ ಪಟ್ಟಿ ಎರಡು ಭಾಗದಲ್ಲಿ ಇರಲಿ, ಪ್ರಮಾಣವೂ ಬೇರೆಬೇರೆಯಾಗಿ: ಮುರುಗಲು ನೀರು 178 ಮಿ.ಲೀ., ಜೋನಿಬೆಲ್ಲ 34 ಗ್ರಾಂ. ಅವಧಿ ಮುಗಿಯುವ ದಿನ ಎರಡರಲ್ಲಿ ಮೊದಲು ಮುಗಿಯುವುದರದ್ದು. ಹೊರಪೆಟ್ಟಿಗೆಯ ಬ್ಯಾಚ್ ಸಂಖ್ಯೆಯಿಂದ ಒಳಗಿನ ಎರಡೂ ಬ್ಯಾಚ್‌ಗಳು ನಿಮ್ಮ ಪುಸ್ತಕದಲ್ಲಿ ಸಿಗಬೇಕು, ಇಲ್ಲದಿದ್ದರೆ ಒಂದು ದೂರು ಬಂದಾಗ ತಪ್ಪು ಬೆಲ್ಲದ್ದೋ ಮುರುಗಲಿನದ್ದೋ ತಿಳಿಯುವುದಿಲ್ಲ. ಪುಟ್ಟ ಬಾಟಲಿಯ ಮೇಲೂ ‘ಜೋನಿಬೆಲ್ಲ’ ಎಂದು ಸಣ್ಣ ಚೀಟಿ ಇರಲಿ, ಪೆಟ್ಟಿಗೆಯಿಂದ ಹೊರಬಂದ ಮೇಲೆ ಅದು ಔಷಧವೋ ಜೇನೋ ಎಂದು ಮನೆಯವರು ಗೊಂದಲಪಡಬಾರದು.

ಬೆರೆಸುವ ಕ್ರಮವನ್ನು ಮೂರು ಚಿತ್ರದಲ್ಲಿ ಹೇಳಿ: ಎರಡೂ ಮುಚ್ಚಳ ತೆರೆಯಿರಿ; ಬೆಲ್ಲ ಪೂರ್ತಿ ಸುರಿಯಿರಿ; ಮುಚ್ಚಿ 20 ಸೆಕೆಂಡು ಚೆನ್ನಾಗಿ ಅಲುಗಿಸಿ. ಫ್ರಿಜ್‌ನಿಂದ ತೆಗೆದ ಜೋನಿಬೆಲ್ಲ ಹರಿಯುವುದಿಲ್ಲವಾದ್ದರಿಂದ ‘ದೊಡ್ಡ ಬಾಟಲಿಯನ್ನು ಮಾತ್ರ ತಂಪು ಮಾಡಿ’ ಎಂಬ ಸಾಲು ತಪ್ಪದೆ ಬೇಕು. ‘ಬೆರೆಸಿದ ದಿನವೇ ಕುಡಿಯಿರಿ’ ಎಂಬುದೂ ಅಷ್ಟೇ ಮುಖ್ಯ. ಬೆರೆತ ಮೇಲೆ ಬೆಲ್ಲ ತೆಳುವಾಗಿದೆ, ಮುರುಗಲಿನ ಹುಳಿ ತಗ್ಗಿದೆ. ಎರಡಕ್ಕೂ ಇದ್ದ ರಕ್ಷಣೆ ಹೋಗಿದೆ.

ಮಾರುವ ಮೊದಲು

ಒಂದೇ ಬ್ಯಾಚಿನ 30 ಪ್ಯಾಕ್ ಬದಿಗಿಡಿ. ಹತ್ತು ಮಾಮೂಲು ಕೋಣೆಯಲ್ಲಿ, ಹತ್ತು 37 ಡಿಗ್ರಿಯ ಬೆಚ್ಚನೆಯ ಪೆಟ್ಟಿಗೆಯಲ್ಲಿ, ಐದು ಫ್ರಿಜ್‌ನಲ್ಲಿ, ಐದು ಪೆಟ್ಟಿಗೆ ಬಿಚ್ಚಿ ಕಿಟಕಿಯ ಬೆಳಕಿನಲ್ಲಿ. ವಾರಕ್ಕೊಮ್ಮೆ ತೂಕ, ಮುಚ್ಚಳದ ತಗ್ಗು, ಬಣ್ಣ ನೋಡಿ. ಎರಡು ವಾರಕ್ಕೊಂದು ತೆರೆದು ಪಿಎಚ್, ಬ್ರಿಕ್ಸ್, ರುಚಿ ಬರೆದಿಡಿ. ಬಣ್ಣವನ್ನು ನೆನಪಿನಿಂದ ಅಳೆಯಬೇಡಿ, ಫ್ರಿಜ್‌ನ ಬಾಟಲಿಯ ಪಕ್ಕದಲ್ಲೇ ಬಿಳಿ ಹಾಳೆಯ ಮೇಲಿಟ್ಟು ಹೋಲಿಸಿ. ಬೆಚ್ಚನೆಯ ಪೆಟ್ಟಿಗೆಯಲ್ಲಿ ಮುಚ್ಚಳ ಉಬ್ಬಿದರೆ ಆ ಬ್ಯಾಚ್ ಅಲ್ಲಿಗೇ ನಿಲ್ಲಬೇಕು, ತುಂಬಿದ ದಿನದ ತಾಪಮಾನದ ಪಟ್ಟಿ ತೆರೆದು ನೋಡಬೇಕು. ಸೋರಿಕೆಗೆ ಬಾಟಲಿಗಳನ್ನು ದಿನಪತ್ರಿಕೆಯ ಮೇಲೆ ಮಲಗಿಸಿ ರಾತ್ರಿಯಿಡೀ ಬಿಡಿ, ಬೆಲ್ಲದ ಕಲೆ ಬೆಳಿಗ್ಗೆ ಕಾಣುತ್ತದೆ. ತುಂಬಿದ ಸಾಗಣೆ ಪೆಟ್ಟಿಗೆಯೊಂದನ್ನು ಒಂದು ಮೀಟರ್ ಎತ್ತರದಿಂದ ಆರೂ ಮುಖಗಳ ಮೇಲೆ ಬೀಳಿಸಿ ನೋಡಿ; ಇನ್ನೊಂದನ್ನು ಹುಲಿಕಲ್ ಘಾಟಿಯಲ್ಲೋ ಆಗುಂಬೆ ಘಾಟಿಯಲ್ಲೋ ಬಸ್ಸಿನ ಹಿಂದುಗಡೆ ಹಾಕಿ ಇಳಿಸಿ ಹತ್ತಿಸಿ. ಅವಧಿಯ ದಿನವನ್ನು ಲೇಬಲ್ ಮೇಲೆ ಹಾಕುವ ಮೊದಲು ಮಾನ್ಯತೆ ಪಡೆದ ಪ್ರಯೋಗಾಲಯದಲ್ಲಿ ಸೂಕ್ಷ್ಮಜೀವಿ ಪರೀಕ್ಷೆ ಮಾಡಿಸಿ, ಎರಡು ದ್ರವವನ್ನೂ ಬೇರೆಬೇರೆ ಮಾದರಿಯಾಗಿ ಕೊಡಿ.

ಮಾರಾಟ ಶುರುವಾದ ಮೇಲೂ ಪ್ರತಿ ಬ್ಯಾಚಿನ ಮೂರು ಪ್ಯಾಕ್‌ಗಳನ್ನು ಅವಧಿ ಮುಗಿದು ಒಂದು ತಿಂಗಳಾಗುವವರೆಗೆ ಕಪಾಟಿನಲ್ಲಿ ಉಳಿಸಿಕೊಳ್ಳಿ. ಯಾರಾದರೂ ಬಣ್ಣ ಹೋಗಿದೆ ಎಂದು ಬಾಟಲಿ ತಂದರೆ, ಮೊದಲು ಅದೇ ಬ್ಯಾಚಿನ ನಿಮ್ಮ ಪ್ಯಾಕ್ ತೆರೆಯಿರಿ. ನಿಮ್ಮದು ಕೆಂಪಾಗಿದ್ದರೆ ತೊಂದರೆ ಅಂಗಡಿಯ ಬಿಸಿಲಿನದು, ನಿಮ್ಮದೂ ಕಂದಾಗಿದ್ದರೆ ಉಳಿದ ಸರಕನ್ನು ಅದೇ ದಿನ ಅಂಗಡಿಗಳಿಂದ ವಾಪಸು ತರಿಸಿ.